ದಿನಚರಿಯಿಂದ ಮನೆಯೊಳಗಿನ ಬದುಕನ್ನು ಓದುವುದು ಹೇಗೆ: ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಮಹಿಳೆಯರ ಡೈರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಹೆಂಗಸರ ದಿನಚರಿಗಳನ್ನು ಆಧಾರವಾಗಿಟ್ಟುಕೊಂಡ ಪ್ರಬಂಧಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬರುತ್ತಲೇ ಇರುತ್ತದೆ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿರಲಿ, ಇತಿಹಾಸದವರಿರಲಿ, ಬಹುಪಾಲು ಮಂದಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಡೈರಿಯನ್ನು ತೆರೆದು, ದುಃಖದ ಅಥವಾ ಕೋಪದ ನಾಲ್ಕು ಸಾಲುಗಳನ್ನು ಆರಿಸಿಕೊಂಡು, ಆ ಕಾಲದ ಹೆಂಗಸಿನ ಬದುಕು ಹೀಗಿತ್ತು ಎಂದು ತೀರ್ಮಾನಿಸುತ್ತಾರೆ. ಒಲೆ ಹಚ್ಚಿದ್ದು, ಬಟ್ಟೆ ಒಗೆದದ್ದು, ಅಂಗಿಗೆ ತೇಪೆ ಹಾಕಿದ್ದು, ಮಗುವಿಗೆ ಹಲ್ಲು ಬಂದದ್ದು ಮುಂತಾದ ಸಾಲುಗಳು ದಿನವೂ ಒಂದೇ ಬಗೆಯಾಗಿರುವುದರಿಂದ ಅವುಗಳನ್ನು ದಾಟಿಕೊಂಡು ಹೋಗುತ್ತಾರೆ. ಮನೆಯ ಬದುಕು ಇರುವುದೇ ಆ ದಾಟಿ ಹೋದ ಸಾಲುಗಳಲ್ಲಿ.

ಈ ಮಾರ್ಗದರ್ಶಿ ಅಂಥ ಸಾಲುಗಳನ್ನು ಹಿಡಿದು ಕೆಲಸ ಮಾಡುವ ಬಗೆಯನ್ನು ಹೇಳುತ್ತದೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಎರಡನೆಯ ಹಂತವನ್ನು ಬಿಟ್ಟು ಐದನೆಯದಕ್ಕೆ ಹಾರಿದವರು ತಿಂಗಳುಗಟ್ಟಲೆ ತಯಾರಿಸಿದ ಕೋಷ್ಟಕವನ್ನು ಎಸೆಯಬೇಕಾಗಿ ಬಂದುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಕೈಯಲ್ಲಿರಬೇಕಾದ ಸಾಮಗ್ರಿ

ಒಂದು ಗೆರೆ ಎಳೆದ ದಪ್ಪ ನೋಟ್‌ಬುಕ್ಕು ಮತ್ತು ಕಂಪ್ಯೂಟರಿನಲ್ಲಿ ಒಂದು ಸ್ಪ್ರೆಡ್‌ಶೀಟ್, ಎರಡೂ ಬೇಕು. ಪದಗಳ ಹಳೆಯ ಅರ್ಥಗಳನ್ನು ಕಾಲಾನುಕ್ರಮದಲ್ಲಿ ಕೊಡುವ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಬೇಕು. ಕಿರಿಯ ಆವೃತ್ತಿಗಳು ಈ ಕೆಲಸಕ್ಕೆ ಸಾಲುವುದಿಲ್ಲ, ಆದ್ದರಿಂದ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಪೂರ್ಣ ಆವೃತ್ತಿಯನ್ನೇ ನೋಡಿ. ಯಾವ ವರ್ಷದ ಯಾವ ತಾರೀಖು ಯಾವ ವಾರ ಬಿದ್ದಿತ್ತೆಂದು ತಿಳಿಸುವ ಶಾಶ್ವತ ಕ್ಯಾಲೆಂಡರ್ ಬೇಕು. ಬ್ರಿಟನ್ನಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಜನಗಣತಿ ಮತ್ತು ಜನನ, ಮದುವೆ, ಮರಣಗಳ ನೋಂದಣಿಗೆ ಫ್ರೀಸೆನ್ ಮತ್ತು ಫ್ರೀಬಿಎಂಡಿ ಎಂಬ ಉಚಿತ ತಾಣಗಳಿವೆ. ಹಸ್ತಪ್ರತಿ ಯಾವ ಊರಿನ ದಾಖಲಾಲಯದಲ್ಲಿದೆ ಎಂದು ಹುಡುಕಲು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಸೂಚಿ ಸಾಕು. ಇಷ್ಟನ್ನೂ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತೇ ಬಳಸಬಹುದು.

ಹಂತ 1: ಒಬ್ಬರನ್ನು, ಒಂದು ಅವಧಿಯನ್ನು, ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ

ಐದಾರು ಡೈರಿಗಳನ್ನು ಒಟ್ಟಿಗೆ ಹಿಡಿಯಬೇಡಿ. ಒಬ್ಬ ಮಹಿಳೆಯ ಒಂದು ವರ್ಷದ ಬರಹವನ್ನು ಒಂದು ದಿನವನ್ನೂ ಬಿಡದೆ ಓದಿದರೆ ಸಿಗುವುದು ಐವರ ಆಯ್ದ ಪುಟಗಳಿಂದ ಸಿಗುವುದಿಲ್ಲ. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಇರಲಿ. ‘ವಿಕ್ಟೋರಿಯನ್ ಯುಗದಲ್ಲಿ ಮಹಿಳೆಯ ಸ್ಥಾನ’ ಎಂಬುದು ಪ್ರಶ್ನೆಯಾಗುವುದಿಲ್ಲ; ‘ಈ ಮನೆಯಲ್ಲಿ ಬೆಂಕಿ ಹಚ್ಚುತ್ತಿದ್ದವರು ಯಾರು, ದಿನಕ್ಕೆ ಎಷ್ಟು ಕಡೆ’ ಎಂಬುದು ಪ್ರಶ್ನೆಯಾಗುತ್ತದೆ.

ಇಲ್ಲಿಯೇ ಕಾಲದ ತಪ್ಪೂ ನುಸುಳುತ್ತದೆ. ಕವಿ ವಿಲಿಯಂ ವರ್ಡ್ಸ್‌ವರ್ತ್ ಅವರ ತಂಗಿ ಡೊರೊಥಿ ವರ್ಡ್ಸ್‌ವರ್ತ್ ಉತ್ತರ ಇಂಗ್ಲೆಂಡಿನ ಗ್ರಾಸ್‌ಮಿಯರ್‌ನಲ್ಲಿ ದಿನಚರಿ ಬರೆದದ್ದು 1800ರಿಂದ 1803ರವರೆಗೆ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಹ್ಯಾಲಿಫ್ಯಾಕ್ಸ್ ಬಳಿಯ ಶಿಬ್ಡೆನ್ ಹಾಲ್‌ನ ಆ್ಯನ್ ಲಿಸ್ಟರ್ 1840ರಲ್ಲೇ ತೀರಿಕೊಂಡರು. ಇವರಿಬ್ಬರನ್ನೂ ‘ವಿಕ್ಟೋರಿಯನ್ ಮಹಿಳೆಯರು’ ಎಂದು ಕರೆದ ಪ್ರಬಂಧ ಮೊದಲ ಪುಟದಲ್ಲೇ ಪರೀಕ್ಷಕರ ನಂಬಿಕೆಯನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಡೈರಿ ಉಳಿಯಬೇಕಾದರೆ ಬರೆಯಲು ಬಿಡುವು, ಕಾಗದ ಮತ್ತು ದೀಪ ಬೇಕಿತ್ತು, ಬರೆದವಳು ಸತ್ತ ಮೇಲೆ ಅದನ್ನು ಕಾಪಾಡುವ ಒಂದು ಮನೆಯೂ ಬೇಕಿತ್ತು. ಹೀಗಾಗಿ ಉಳಿದಿರುವ ಡೈರಿಗಳಲ್ಲಿ ಯಜಮಾನಿಯರದೇ ಹೆಚ್ಚು, ಮನೆಗೆಲಸದವರದು ಬೆರಳೆಣಿಕೆಯಷ್ಟು.

ಹಂತ 2: ನಿಮ್ಮ ಕೈಯಲ್ಲಿರುವುದು ಯಾವ ಪಠ್ಯ ಎಂದು ಪರೀಕ್ಷಿಸಿ

ಎಲ್ಲಕ್ಕಿಂತ ಹೆಚ್ಚು ಮಂದಿ ಸೋಲುವುದು ಇಲ್ಲಿ. ಅಂತರಜಾಲದಲ್ಲಿ ಉಚಿತವಾಗಿ ಸಿಕ್ಕಿದ ಪುಸ್ತಕವನ್ನು ಇಳಿಸಿಕೊಂಡು, ಅದೇ ಡೈರಿ ಎಂದು ನಂಬಿ ಮುಂದುವರಿಯುತ್ತಾರೆ. ಡೊರೊಥಿ ವರ್ಡ್ಸ್‌ವರ್ತ್ ಅವರ ದಿನಚರಿಯನ್ನು ವಿಲಿಯಂ ನೈಟ್ 1897ರಲ್ಲಿ ಸಂಪಾದಿಸಿ ಪ್ರಕಟಿಸಿದರು. ತಂಗಿ ಅಣ್ಣನ ಅಂಗಿ ರಿಪೇರಿ ಮಾಡಿದ್ದನ್ನು, ಅಣ್ಣ ಸೌದೆ ಆಯ್ದು ತಂದದ್ದನ್ನು, ಅವಳು ಮೊಟ್ಟೆ ಹುಡುಕಿಕೊಂಡು ಹೋದದ್ದನ್ನು ಪ್ರತಿ ಸಲವೂ ಅಚ್ಚು ಮಾಡುವ ಅಗತ್ಯವಿಲ್ಲ ಎಂಬ ಅರ್ಥದ ಮಾತನ್ನು ಅವರು ಮುನ್ನುಡಿಯಲ್ಲೇ ಹೇಳಿದ್ದಾರೆ. ಅಂದರೆ ಅಂಗಿ, ಸೌದೆ ಮತ್ತು ಮೊಟ್ಟೆಯ ಸಾಲುಗಳನ್ನೇ ಹುಡುಕಿ ಹೊರಟ ನಿಮ್ಮ ಕೈಗೆ, ಆ ಸಾಲುಗಳನ್ನು ತೆಗೆದುಹಾಕಿದ ಪುಸ್ತಕವೇ ಬಂದಿರುತ್ತದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅದು ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ. ಹಸ್ತಪ್ರತಿಯನ್ನು ನೋಡಿ ಪೂರ್ಣವಾಗಿ ಮುದ್ರಿಸಿದ ಈಚಿನ ಆವೃತ್ತಿಗಳು ಇವೆ. ಕೊಂಡೋ ಎರವಲು ತಂದೋ ಅವುಗಳನ್ನೇ ಬಳಸಬೇಕು.

ಪಠ್ಯಕ್ಕೆ ಕತ್ತರಿ ಬಿದ್ದಿರುವ ಬಗೆಗಳು ಬೇರೆಯವೂ ಇವೆ. ವಿಕ್ಟೋರಿಯಾ ರಾಣಿ 1832ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ದಿನಚರಿ ಆರಂಭಿಸಿ ಸಾಯುವವರೆಗೂ ಬರೆದರು. ಆದರೆ ಮಗಳು ಬಿಯಾಟ್ರಿಸ್ ತಾಯಿಯ ಮರಣಾನಂತರ ಅದನ್ನು ಪರಿಷ್ಕರಿಸಿ ನಕಲು ಮಾಡುತ್ತಾ ಮೂಲವನ್ನು ಸುಟ್ಟರು, ಹೀಗಾಗಿ ಹೆಚ್ಚಿನ ವರ್ಷಗಳಿಗೆ ನಾವು ಓದುವುದು ಮಗಳು ಉಳಿಸಿದ ಮಾತುಗಳನ್ನು. ಇಸಬೆಲ್ಲಾ ರಾಬಿನ್ಸನ್ ಅವರ ಡೈರಿಯನ್ನು 1858ರಲ್ಲಿ ಲಂಡನ್ನಿನ ಹೊಸ ವಿಚ್ಛೇದನ ನ್ಯಾಯಾಲಯದಲ್ಲಿ ಗಂಡನ ಕಡೆಯವರು ಸಾಕ್ಷ್ಯವಾಗಿ ಓದಿಸಿದರು. ಮೂಲ ಡೈರಿ ಉಳಿದಿಲ್ಲ. ವ್ಯಭಿಚಾರವನ್ನು ಸಾಬೀತು ಮಾಡಲು ಆರಿಸಿದ ಭಾಗಗಳು ಪತ್ರಿಕೆಗಳಲ್ಲೂ ಕಾನೂನು ವರದಿಗಳಲ್ಲೂ ಉಳಿದಿವೆಯೇ ಹೊರತು, ಆಕೆಯ ಸಾಮಾನ್ಯ ದಿನಗಳು ಅಲ್ಲಿಲ್ಲ. ಆ ಭಾಗಗಳಿಂದ ಆಕೆಯ ಮನೆವಾರ್ತೆಯನ್ನು ಊಹಿಸಲು ಹೊರಟರೆ ತಪ್ಪು ಖಚಿತ.

ಪರೀಕ್ಷೆಯನ್ನು ಹೀಗೆ ಮಾಡಿ. ಮೊದಲು ಸಂಪಾದಕರ ಮುನ್ನುಡಿಯನ್ನು ಪೂರ್ತಿ ಓದಿ, ಏನನ್ನು ಬಿಟ್ಟಿದ್ದೇವೆ ಎಂದು ಅವರು ಹೇಳಿರುವ ವಾಕ್ಯವನ್ನು ಬರೆದುಕೊಳ್ಳಿ. ಬಳಿಕ ಯಾವುದಾದರೂ ಒಂದು ತಿಂಗಳನ್ನು ತೆಗೆದುಕೊಂಡು ಎಷ್ಟು ದಿನಗಳಿಗೆ ಬರಹವಿದೆ ಎಂದು ಎಣಿಸಿ. ಕೊನೆಗೆ ಮೂರು ದಿನಗಳ ಬರಹವನ್ನು ಇನ್ನೊಂದು ಆವೃತ್ತಿಯೊಂದಿಗೋ ಹಸ್ತಪ್ರತಿಯ ಚಿತ್ರದೊಂದಿಗೋ ಸಾಲು ಸಾಲಾಗಿ ಹೋಲಿಸಿ.

ಎಚ್ಚರಿಕೆಯ ಗುರುತುಗಳು: ವಾಕ್ಯಗಳ ನಡುವೆ ಚುಕ್ಕಿಗಳ ಅಥವಾ ನಕ್ಷತ್ರಗಳ ಸಾಲು, ‘ಆಯ್ದ ಭಾಗಗಳು’ ಎಂಬ ಉಪಶೀರ್ಷಿಕೆ, ವಾರಗಟ್ಟಲೆ ಖಾಲಿ ಬಿಟ್ಟು ಮುಂದಿನ ಬರಹದಲ್ಲಿ ಒಬ್ಬ ಪ್ರಸಿದ್ಧ ಅತಿಥಿಯ ಆಗಮನ. ಮೂರನೆಯದು ಕಂಡರೆ, ಸಂಪಾದಕರು ಪ್ರಸಿದ್ಧರಿಗಾಗಿ ಮನೆಯನ್ನು ಬಿಟ್ಟಿದ್ದಾರೋ ಏನೋ ಎಂದು ಅನುಮಾನಿಸಿ.

ಹಂತ 3: ಇದನ್ನು ಓದಲಿದ್ದವರು ಯಾರು ಎಂದು ತಿಳಿದುಕೊಳ್ಳಿ

ಡೈರಿ ಎಂದರೆ ಬರೆದವರಿಗೆ ಮಾತ್ರ ಎಂಬ ನಮ್ಮ ಇಂದಿನ ಎಣಿಕೆಯನ್ನು ಬದಿಗಿಡಿ. ಡೊರೊಥಿ 1800ರ ಮೇ 14ರಂದು ಗ್ರಾಸ್‌ಮಿಯರ್ ದಿನಚರಿಯನ್ನು ಆರಂಭಿಸಿದ್ದು ಅಣ್ಣ ವಿಲಿಯಂ ಮತ್ತು ತಮ್ಮ ಜಾನ್ ಪ್ರಯಾಣ ಹೊರಟ ದಿನ. ವಿಲಿಯಂ ಹಿಂತಿರುಗಿದಾಗ ಓದಿ ಸಂತೋಷಪಡಲಿ ಎಂಬುದನ್ನು ಅವರೇ ಅಲ್ಲಿ ಬರೆದಿದ್ದಾರೆ. ಮ್ಯಾಂಚೆಸ್ಟರಿನಲ್ಲಿದ್ದ ಎಲಿಜಬೆತ್ ಗ್ಯಾಸ್ಕೆಲ್, ಕಾದಂಬರಿಗಾರ್ತಿಯಾಗುವುದಕ್ಕೆ ಬಹಳ ಮೊದಲು, 1835ರಿಂದ 1838ರವರೆಗೆ ಮಗಳು ಮರಿಯಾನ್‌ಳ ಬೆಳವಣಿಗೆಯನ್ನು ಬರೆದಿಟ್ಟರು. ತಾನು ಬದುಕಿರದಿದ್ದರೆ ಅದು ಮಗಳ ಕೈಸೇರಲಿ ಎಂಬ ಆಸೆಯಿಂದ ಅದನ್ನು ಅವಳಿಗೇ ಅರ್ಪಿಸಿದರು. ಅವರ ಮೊದಲ ಮಗು 1833ರಲ್ಲಿ ಸತ್ತೇ ಹುಟ್ಟಿತ್ತು. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಓದಿದಾಗ, ಮರಿಯಾನ್‌ಳಿಗೆ ಚಿಕ್ಕದೊಂದು ಕಾಯಿಲೆ ಬಂದಾಗಲೂ ಬರಹದಲ್ಲಿ ಕಾಣುವ ಅಂಜಿಕೆಯ ತೂಕ ಬೇರೆಯಾಗುತ್ತದೆ.

ಹ್ಯಾನಾ ಕಲ್ವಿಕ್ (1833–1909) ಅವರದು ಇನ್ನೂ ತೊಡಕಿನ ಪ್ರಕರಣ. ಶ್ರಾಪ್‌ಶೈರಿನ ಶಿಫ್ನಲ್‌ನಲ್ಲಿ ಹುಟ್ಟಿದ ಈಕೆ ಬದುಕಿನ ಬಹುಭಾಗ ಮನೆಗೆಲಸದವರಾಗಿಯೇ ಕಳೆದರು. 1854ರಿಂದ 1873ರವರೆಗಿನ ಅವರ ದಿನಚರಿಗಳು ಉಳಿದಿರುವುದಕ್ಕೆ ಕಾರಣ ಆರ್ಥರ್ ಮನ್ಬಿ ಎಂಬ ಬ್ಯಾರಿಸ್ಟರ್. ಬರೆಯಲು ಹೇಳಿದವನೂ ಆತನೇ, ಓದುತ್ತಿದ್ದವನೂ ಆತನೇ; 1873ರಲ್ಲಿ ಇಬ್ಬರೂ ಗುಟ್ಟಾಗಿ ಮದುವೆಯಾದರು. ದುಡಿಯುವ ಹೆಂಗಸರ ಮೈಕೈಯ ಮಸಿ ಮತ್ತು ಕೊಳೆಯ ಬಗ್ಗೆ ಆತನಿಗೆ ವಿಪರೀತ ಆಸಕ್ತಿ ಇತ್ತು. ಆತನ ಕಾಗದಪತ್ರಗಳ ಪೆಟ್ಟಿಗೆಗಳು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ 1950ರವರೆಗೆ ಮುಚ್ಚಿಯೇ ಇದ್ದವು.

ಇಲ್ಲಿ ವಿದ್ಯಾರ್ಥಿಗಳು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೆಲವರು ಮನ್ಬಿಯನ್ನು ಮರೆತು ಇಡೀ ಬರಹವನ್ನು ಒಬ್ಬ ಕೆಲಸದಾಕೆಯ ಮುಕ್ತ ಮಾತೆಂದು ಓದುತ್ತಾರೆ. ಇನ್ನು ಕೆಲವರು ಮನ್ಬಿಯ ವಿಷಯ ತಿಳಿದೊಡನೆ ಇದು ಅವನಿಗಾಗಿ ಬರೆದದ್ದು, ಆದ್ದರಿಂದ ನಂಬಲಾಗದು ಎಂದು ಕೈಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದು ದೊಡ್ಡ ತಪ್ಪು, ಯಾಕೆಂದರೆ ಅದರಿಂದ ಹ್ಯಾನಾ ಎರಡನೆಯ ಬಾರಿಗೆ ಅಳಿಸಿಹೋಗುತ್ತಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರ ಪಾಲಿಗೆ ಯಾವುದು ಎಂಬುದನ್ನು ಆ ಬರಹದಿಂದ ತೆಗೆದುಕೊಳ್ಳಬಹುದು. ಕೊಳೆಯ ಬಗ್ಗೆ ಒತ್ತಿ ಹೇಳುವ ಮಾತುಗಳ ಪಕ್ಕದಲ್ಲಿ ಮಾತ್ರ ‘ಮನ್ಬಿ ಓದುತ್ತಾನೆ’ ಎಂಬ ಟಿಪ್ಪಣಿ ಹಾಕಿಕೊಳ್ಳಿ.

ಹಂತ 4: ಪ್ರತಿ ಸಾಲನ್ನೂ ಕನ್ನಡಕ್ಕೆ ತಂದು ನೋಡಿ

ಇದು ಕನ್ನಡದವರಿಗೆ ಇರುವ ಒಂದು ನಿಜವಾದ ಅನುಕೂಲ, ಆದರೆ ಬಳಸುವವರು ಕಡಿಮೆ. ಯಜಮಾನಿಯೊಬ್ಬಳ ಡೈರಿಯಲ್ಲಿ ‘ಇಂದು ಬಟ್ಟೆ ಒಗೆತ’ ಎಂಬಷ್ಟೇ ಅರ್ಥದ ಇಂಗ್ಲಿಷ್ ವಾಕ್ಯ ಇದ್ದರೆ, ಒಗೆದವರು ಯಾರೆಂದು ಇಂಗ್ಲಿಷ್ ಹೇಳುವುದಿಲ್ಲ. ಅದನ್ನು ಕನ್ನಡದ ಪೂರ್ಣ ವಾಕ್ಯವಾಗಿ ಬರೆಯಲು ಹೊರಟರೆ ‘ಒಗೆದೆ’ ಎಂದು ಬರೆಯಬೇಕೋ ‘ಒಗೆಸಿದೆ’ ಎಂದು ಬರೆಯಬೇಕೋ ನೀವು ನಿರ್ಧರಿಸಲೇಬೇಕು. ಆ ಒಂದು ಪ್ರತ್ಯಯದಲ್ಲಿ ಒಬ್ಬ ಕೆಲಸದಾಕೆ ಇದ್ದಾಳೆ ಅಥವಾ ಇಲ್ಲ. ತೀರ್ಮಾನಿಸಲು ಆಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆ ಚಿಹ್ನೆಗಳನ್ನು ಎಂಟನೆಯ ಹಂತದಲ್ಲಿ ಬಗೆಹರಿಸಬೇಕಾಗುತ್ತದೆ.

ನೆಂಟಸ್ತಿಕೆಯೂ ಹೀಗೆಯೇ. ಆ ಕಾಲದ ಇಂಗ್ಲಿಷಿನಲ್ಲಿ ಗಂಡನ ತಂಗಿಯೂ, ತಮ್ಮನ ಹೆಂಡತಿಯೂ, ಒಡಹುಟ್ಟಿದವಳೂ ‘ಸಿಸ್ಟರ್’ ಆಗಬಹುದು, ಅತ್ತೆ ‘ಮಮಾ’ ಆಗಬಹುದು. ಕನ್ನಡದಲ್ಲಿ ಅಕ್ಕನೋ, ತಂಗಿಯೋ, ನಾದಿನಿಯೋ, ಅತ್ತಿಗೆಯೋ, ಓರಗಿತ್ತಿಯೋ ಎಂದು ಗೊತ್ತುಮಾಡದೆ ವಾಕ್ಯವೇ ನಿಲ್ಲುವುದಿಲ್ಲ. ಗೊತ್ತುಮಾಡಲು ವಂಶವೃಕ್ಷ ಹುಡುಕಬೇಕಾಗುತ್ತದೆ, ಹುಡುಕಿದಾಗ ಬಾಣಂತನಕ್ಕೆ ಬಂದಿದ್ದವಳು ತವರಿನವಳೋ ಗಂಡನ ಕಡೆಯವಳೋ ಎಂಬುದು ಹೊರಬೀಳುತ್ತದೆ.

ಇನ್ನು, ಗೊತ್ತಿರುವಂತೆ ಕಾಣುವ ಪದಗಳೇ ಹೆಚ್ಚು ಮೋಸಮಾಡುತ್ತವೆ. ‘ವರ್ಕ್’ ಎಂದರೆ ಮೇಲುವರ್ಗದ ಮತ್ತು ಮಧ್ಯಮವರ್ಗದ ಹೆಂಗಸರ ಡೈರಿಯಲ್ಲಿ ಬಹುಮಟ್ಟಿಗೆ ಹೊಲಿಗೆ ಅಥವಾ ಕಸೂತಿ. ಇದನ್ನು ತಿಳಿಯದೆ ನಾನೇ ಮೊದಲ ವರ್ಷಗಳಲ್ಲಿ ‘ಬೆಳಗೆಲ್ಲ ಕೆಲಸ ಮಾಡಿದೆ’ ಎಂದು ಅನುವಾದಿಸಿ, ಮನೆಗೆಲಸದ ಗಂಟೆಗಳ ಲೆಕ್ಕಕ್ಕೆ ಸೇರಿಸಿ, ಒಂದು ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು. ‘ಡಿನ್ನರ್’ ದುಡಿಯುವವರ ಮನೆಯಲ್ಲಿ ಮಧ್ಯಾಹ್ನದ ಊಟ, ಶ್ರೀಮಂತರ ಮನೆಯಲ್ಲಿ ಸಂಜೆಯ ಅಥವಾ ರಾತ್ರಿಯ ಊಟ. ‘ಮಾರ್ನಿಂಗ್ ಕಾಲ್’ ಎಂಬ ಭೇಟಿ ನಡೆಯುತ್ತಿದ್ದುದು ಮಧ್ಯಾಹ್ನದ ಮೇಲೆ. ‘ಪ್ಲೇಟ್’ ಉಜ್ಜುವುದೆಂದರೆ ಬೆಳ್ಳಿ ಸಾಮಾನು ಉಜ್ಜುವುದು. ‘ಸ್ಲಾಪ್ಸ್’ ಚೆಲ್ಲುವುದೆಂದರೆ ಮಲಗುವ ಕೋಣೆಗಳ ಮೂತ್ರಪಾತ್ರೆಗಳನ್ನೂ ಮುಖ ತೊಳೆದ ನೀರನ್ನೂ ಹೊತ್ತು ತಂದು ಚೆಲ್ಲುವುದು. ‘ಕಾಪರ್’ ಹಚ್ಚುವುದೆಂದರೆ ನಮ್ಮ ಬಚ್ಚಲುಮನೆಯ ಹಂಡೆಯ ಹಾಗೆ ಒಲೆಯ ಮೇಲೆ ಕಟ್ಟಿ ಕೂರಿಸಿದ ದೊಡ್ಡ ಪಾತ್ರೆಗೆ ಬೆಂಕಿ ಹಾಕುವುದು. ಅದು ಉರಿಯಿತೆಂದರೆ ಅಂದು ಒಗೆತದ ದಿನ ಎಂದು ತಿಳಿಯಬಹುದು.

ಮೈಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆ್ಯನ್ ಲಿಸ್ಟರ್ ಡೈರಿಯಲ್ಲಿ ‘ಕಸಿನ್’ ಬಂದಳೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸೋದರ ಸಂಬಂಧಿಯನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ, ಅದು ಮುಟ್ಟಿಗೆ ಇಟ್ಟ ಹೆಸರು. ‘ಕಾಗೆ ಮುಟ್ಟಿದೆ’, ‘ಹೊರಗಾಗಿದ್ದಾಳೆ’ ಎಂಬ ಮಾತುಗಳನ್ನು ಕೇಳಿ ಬೆಳೆದವರಿಗೆ ಇದು ಬೇಗ ಹೊಳೆಯಬೇಕು. ಒಂದು ಪದ ಇಪ್ಪತ್ತೆಂಟು, ಮೂವತ್ತು ದಿನಗಳಿಗೊಮ್ಮೆ ಮರಳಿ ಬರುತ್ತಿದ್ದರೆ ಕ್ಯಾಲೆಂಡರ್ ತೆಗೆದು ಗುರುತು ಹಾಕಿ ನೋಡಿ. ಹೆರಿಗೆಗೆ ‘ಕನ್‌ಫೈನ್‌ಮೆಂಟ್’ ಎನ್ನುತ್ತಿದ್ದರು. ಬಾಣಂತಿ ಸುಮಾರು ಒಂದು ತಿಂಗಳ ಬಳಿಕ ಚರ್ಚಿಗೆ ಹೋಗಿ ಕೃತಜ್ಞತೆ ಸಲ್ಲಿಸುವುದಕ್ಕೆ ‘ಚರ್ಚಿಂಗ್’ ಎಂಬ ಪದವಿತ್ತು. ಈ ಎರಡು ಪದಗಳ ನಡುವಿನ ದಿನಗಳನ್ನು ಎಣಿಸಿದರೆ ಬಾಣಂತಿ ಎಷ್ಟು ಕಾಲ ಮನೆಯೊಳಗಿದ್ದಳೆಂದು ಗೊತ್ತಾಗುತ್ತದೆ.

ಹಂತ 5: ಕೋಷ್ಟಕಕ್ಕೆ ಇಳಿಸಿ

ಸ್ಪ್ರೆಡ್‌ಶೀಟಿನಲ್ಲಿ ಏಳು ಅಂಕಣಗಳು ಸಾಕು: ತಾರೀಖು ಮತ್ತು ವಾರ, ಕೆಲಸ, ಮಾಡಿದವರು, ಮಾಡಿಸಿದವರು, ಜಾಗ, ಮೂಲದಲ್ಲಿರುವ ಪದ, ನನ್ನ ಊಹೆ. ಕೊನೆಯ ಎರಡನ್ನು ಎಂದೂ ಒಂದೇ ಅಂಕಣದಲ್ಲಿ ಬೆರೆಸಬೇಡಿ. ಒಂದು ಸಾಲಿಗೆ ಒಂದೇ ಕೆಲಸ.

ಹ್ಯಾನಾ ಕಲ್ವಿಕ್ 1860ರ ಜುಲೈ 14, ಶನಿವಾರದಂದು ಬರೆದುದನ್ನು ತೆಗೆದುಕೊಳ್ಳೋಣ. ಅಂದು ಅವರು ಕಿಟಕಿಯ ಬಾಗಿಲು ತೆರೆದು ಅಡುಗೆಮನೆಯ ಒಲೆ ಹಚ್ಚಿದರು. ಮಸಿ ಚೆಲ್ಲಿ ಬಂದರು. ಕೋಣೆಗಳನ್ನೂ ಹಜಾರವನ್ನೂ ಗುಡಿಸಿ ಧೂಳು ಹೊಡೆದು, ಅಗ್ಗಿಷ್ಟಿಕೆ ಸಜ್ಜುಮಾಡಿ, ಬೆಳಗಿನ ತಿಂಡಿಯನ್ನು ಮೇಲಕ್ಕೆ ಕಳಿಸಿದರು. ಎರಡು ಜೊತೆ ಬೂಟು ಒರೆಸಿದರು. ಹಾಸಿಗೆ ಸರಿಮಾಡಿ ಸ್ಲಾಪ್ಸ್ ಚೆಲ್ಲಿದರು. ತಿಂಡಿಯ ಪಾತ್ರೆ ತೊಳೆದು, ಬೆಳ್ಳಿ ಉಜ್ಜಿ, ಚಾಕುಗಳನ್ನು ಉಜ್ಜಿ, ಊಟಕ್ಕೆ ಇಟ್ಟರು. ನೆರೆಯ ಮನೆಯೊಂದಕ್ಕೆ ಎರಡು ಕೋಳಿ ಕೊಟ್ಟು ಬಂದರು. ಒಂದು ಟಾರ್ಟ್ ಮಾಡಿ, ಎರಡು ಬಾತುಕೋಳಿಗಳ ಪುಕ್ಕ ಕಿತ್ತು, ಕರುಳು ತೆಗೆದು, ಹುರಿದರು. ಮೆಟ್ಟಿಲನ್ನೂ ಕಲ್ಲುಚಪ್ಪಡಿಯನ್ನೂ ಮೊಣಕಾಲೂರಿ ತೊಳೆದರು. ಬೀದಿಯ ಚಪ್ಪಡಿಯನ್ನು ಮೊಣಕಾಲೂರಿ ತೊಳೆದರು. ಉಗ್ರಾಣವನ್ನು ಮೊಣಕಾಲೂರಿ ತೊಳೆದರು. ಕಕ್ಕಸು, ಓಣಿ ಮತ್ತು ಪಾತ್ರೆ ತೊಳೆಯುವ ಕೋಣೆಯ ನೆಲವನ್ನೂ ಮೊಣಕಾಲೂರಿಯೇ ತೊಳೆದರು. ನಾಯಿಗೆ ಸ್ನಾನ ಮಾಡಿಸಿದರು. ರಾತ್ರಿ ಒಂಬತ್ತಕ್ಕೆ ಚಹಾ ಸಿದ್ಧಮಾಡಿದಾಗ ಅದನ್ನು ಮೇಲಕ್ಕೆ ಒಯ್ದವಳು ಜೊತೆಯ ಕೆಲಸದಾಕೆ ಆ್ಯನ್. ರಾತ್ರಿಯೂಟವನ್ನೂ ಅವಳೇ ಒಯ್ಯಲೆಂದು ಸಿದ್ಧಪಡಿಸಿ ಇಟ್ಟರು. ಮಹಡಿಗೆ ಹೋಗಲು ತಾನು ತೀರ ಕೊಳೆಯಾಗಿದ್ದೆ, ದಣಿದಿದ್ದೆ ಎಂದು ಹ್ಯಾನಾ ಬರೆಯುತ್ತಾರೆ.

ಈಗ ಕೋಷ್ಟಕವನ್ನು ನೋಡಿ. ‘ಮೊಣಕಾಲೂರಿ’ ಎಂಬ ಮಾತು ಒಂದೇ ದಿನದಲ್ಲಿ ನಾಲ್ಕು ಸಲ ಬಂದಿದೆ. ‘ಜಾಗ’ ಎಂಬ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಬೆಳಿಗ್ಗೆ ಹ್ಯಾನಾ ಮೇಲಿನ ಕೋಣೆಗಳಲ್ಲೂ ಇದ್ದಾರೆ, ಹೊತ್ತು ಇಳಿದಂತೆ ಕೆಳಗೆ, ಹೊರಗೆ, ಹಿಂದಕ್ಕೆ ಸರಿಯುತ್ತಾರೆ, ಕೊನೆಗೆ ಮೆಟ್ಟಿಲು ಹತ್ತುವ ಕೆಲಸವನ್ನೇ ಬೇರೆಯವಳಿಗೆ ಬಿಡುತ್ತಾರೆ. ಮನೆಯ ಮೇಲುಭಾಗ ಮತ್ತು ಕೆಳಭಾಗಗಳ ನಡುವೆ ಎಳೆದಿದ್ದ ಗೆರೆ ಒಬ್ಬಳ ಮೈಯ ಕೊಳೆಯ ಮೂಲಕ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ಇಲ್ಲಿ ಕಾಣುತ್ತದೆ. ಸುಮ್ಮನೆ ಓದಿದರೆ ‘ಪಾಪ, ಎಷ್ಟು ದುಡಿತ’ ಎನಿಸಿ ಅಲ್ಲಿಗೇ ನಿಲ್ಲುತ್ತದೆ. ಹಾಗೆಯೇ, ಮೂರನೆಯ ಹಂತದಲ್ಲಿ ಹಾಕಿದ ಟಿಪ್ಪಣಿ ಇಲ್ಲಿ ನೆನಪಿರಲಿ: ‘ಕೊಳೆ’ ಎಂಬ ಪದ ಮನ್ಬಿಯ ಕಣ್ಣಿಗೂ ಬೀಳಲಿದೆ ಎಂದು ಬರೆದವರಿಗೆ ಗೊತ್ತಿತ್ತು.

ಒಂದು ದಿನದಿಂದ ಏನನ್ನೂ ತೀರ್ಮಾನಿಸಬೇಡಿ. ಕನಿಷ್ಠ ಆರು ವಾರಗಳನ್ನು ತುಂಬಿಸಿದ ಮೇಲೆ ವಾರದ ಲಯ ಹೊರಬರುತ್ತದೆ. ಇಂಗ್ಲೆಂಡಿನ ಬಹಳಷ್ಟು ಮನೆಗಳಲ್ಲಿ ಸೋಮವಾರ ಒಗೆತದ ದಿನವಾಗಿತ್ತು. ಒಣಗಿಸುವುದು, ಮಡಿಸುವುದು, ಇಸ್ತ್ರಿ ಮಾಡುವುದು ಮುಂದಿನ ದಿನಗಳಿಗೆ ಹರಡುತ್ತಿತ್ತು. ನಿಮ್ಮ ಡೈರಿಯಲ್ಲಿ ಒಗೆತ ಗುರುವಾರಕ್ಕೆ ಹೋಗಿದ್ದರೆ ಆ ವಾರ ಮಳೆಯೋ, ಸಾವೋ, ಕೆಲಸದಾಕೆ ಬಿಟ್ಟುಹೋದದ್ದೋ, ಏನೋ ನಡೆದಿರಬೇಕು.

ಎಚ್ಚರಿಕೆಯ ಗುರುತು: ತಾರೀಖು ಮತ್ತು ವಾರ ಹೊಂದದಿದ್ದರೆ ಆ ದಿನಗಳನ್ನು ಆಮೇಲೆ ಒಟ್ಟಿಗೆ ಬರೆದಿರುವ ಸಾಧ್ಯತೆ ಇದೆ. ಹಸ್ತಪ್ರತಿಯಲ್ಲಿ ಹಲವು ದಿನಗಳು ಒಂದೇ ಶಾಯಿ, ಒಂದೇ ಬರವಣಿಗೆಯ ಓಟದಲ್ಲಿದ್ದರೂ ಹಾಗೆಯೇ ಅನುಮಾನಿಸಿ.

ಹಂತ 6: ಹಣದ ಲೆಕ್ಕ

12 ಪೆನ್ಸ್‌ಗೆ ಒಂದು ಷಿಲಿಂಗ್, 20 ಷಿಲಿಂಗ್‌ಗೆ ಒಂದು ಪೌಂಡ್, ಅಂದರೆ ಪೌಂಡಿಗೆ 240 ಪೆನ್ಸ್. ಗಿನಿ ಎಂದರೆ 21 ಷಿಲಿಂಗ್. ನಮ್ಮ ಹಿರಿಯರ ರೂಪಾಯಿ, ಆಣೆ, ಪೈ ಲೆಕ್ಕವನ್ನು ಕಂಡವರಿಗೆ ಇದು ಹೊಸದೆನಿಸದು. ಎಲ್ಲವನ್ನೂ ಪೆನ್ಸ್‌ಗೆ ಇಳಿಸಿ ಕೂಡಿ, ಆಮೇಲೆ ಪೌಂಡಿಗೆ ಏರಿಸಿ. ವರ್ಷಕ್ಕೆ 10 ಪೌಂಡ್ ಸಂಬಳವೆಂದರೆ ತ್ರೈಮಾಸಿಕಕ್ಕೆ 2 ಪೌಂಡ್ 10 ಷಿಲಿಂಗ್. ಕೆಲಸದವರ ಲೆಕ್ಕವೂ ಬಾಡಿಗೆಯೂ ಹೆಚ್ಚಾಗಿ ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29 ಮತ್ತು ಡಿಸೆಂಬರ್ 25ಕ್ಕೆ ಹೊಂದಿಕೊಂಡಿರುತ್ತಿದ್ದುದರಿಂದ ಆ ನಾಲ್ಕು ದಿನಗಳ ಆಸುಪಾಸಿನ ಪುಟಗಳನ್ನು ವಿಶೇಷವಾಗಿ ನೋಡಿ.

ಇಂದಿನ ರೂಪಾಯಿಗೆ ಪರಿವರ್ತಿಸುವ ಆಸೆಯನ್ನು ಬಿಡಿ. ಒಂದು ರೇಷ್ಮೆ ಉಡುಪಿನ ಬೆಲೆ ಅದೇ ಮನೆಯ ಕೆಲಸದಾಕೆಯ ಎಷ್ಟು ತಿಂಗಳ ಸಂಬಳಕ್ಕೆ ಸಮ ಎಂದು ಹೋಲಿಸಿದರೆ ಓದುಗರಿಗೆ ನಿಜವಾದ ಅಂತರ ತಿಳಿಯುತ್ತದೆ.

ಹಂತ 7: ಮೌನವನ್ನೂ ಗುಪ್ತಲಿಪಿಯನ್ನೂ ದಾಖಲಿಸಿ

ಬರೆಯದ ದಿನಗಳಿಗೂ ಕೋಷ್ಟಕದಲ್ಲಿ ಸಾಲು ಕೊಡಿ. ಹೆರಿಗೆಯ ವಾರಗಳಲ್ಲಿ, ಸಾವಿನ ಬಳಿಕ, ಕೆಲಸದವರು ಏಕಾಏಕಿ ಬಿಟ್ಟುಹೋದಾಗ ಡೈರಿ ನಿಲ್ಲುವುದು ಸಾಮಾನ್ಯ. ಮಗುವಿನ ಸಾವನ್ನು ಒಂದೇ ಸಾಲಿನಲ್ಲಿ ಮುಗಿಸಿದ ತಾಯಿಯನ್ನು ಕಲ್ಲೆದೆಯವಳೆಂದು ಬರೆದ ಪ್ರಬಂಧಗಳನ್ನು ಓದಿ ನನಗೆ ನೋವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಒಂದು ಸಾಲಿನ ಆಚೆ ಬರೆಯಲಾಗದ ಸ್ಥಿತಿಯೂ ಇರುತ್ತದೆ. ಮುಂದಿನ ಎಷ್ಟು ದಿನ ಪುಟ ಖಾಲಿ ಇದೆ ಎಂದು ಎಣಿಸಿ.

ಗುಪ್ತಲಿಪಿ ಎದುರಾದರೆ ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಆ್ಯನ್ ಲಿಸ್ಟರ್ ಅವರ ಸುಮಾರು 50 ಲಕ್ಷ ಪದಗಳ ಡೈರಿಯಲ್ಲಿ ಆರನೆಯ ಒಂದು ಭಾಗದಷ್ಟು ಅವರೇ ರೂಪಿಸಿಕೊಂಡ ಲಿಪಿಯಲ್ಲಿದೆ. ಹೆಂಗಸರೊಂದಿಗಿನ ಪ್ರೇಮ ಮಾತ್ರ ಅಲ್ಲಿದೆ ಎಂದು ಭಾವಿಸಿ ಓದುವವರು ಹೆಚ್ಚು, ಆದರೆ ಹಣದ ಚಿಂತೆ, ಬಟ್ಟೆಬರೆ, ಮೈಯ ತೊಂದರೆಗಳೂ ಅಲ್ಲಿಯೇ ಇವೆ. ಮನೆಯವರ ಕಣ್ಣಿಗೆ ಬೀಳಬಾರದು ಎಂದು ಆಕೆ ಯಾವುದನ್ನೆಲ್ಲ ಎಣಿಸಿದ್ದರು ಎಂಬ ಪಟ್ಟಿ ಅದರಿಂದ ಸಿಗುತ್ತದೆ. ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಹದಿಹರೆಯದಿಂದ ಗುಪ್ತಲಿಪಿಯಲ್ಲಿ ಬರೆದ ಡೈರಿಯನ್ನು ಲೆಸ್ಲಿ ಲಿಂಡರ್ 1958ರಲ್ಲಿ ಭೇದಿಸಿದ್ದು XVI ಎಂಬ ರೋಮನ್ ಅಂಕಿ ಮತ್ತು 1793 ಎಂಬ ಇಸವಿಯ ಜಾಡು ಹಿಡಿದು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕೊಂದ ವರ್ಷವದು. ಅಂಕಿಗಳಿಂದ ಆರಂಭಿಸುವುದು ಇಂದಿಗೂ ಒಳ್ಳೆಯ ದಾರಿ.

ಹಂತ 8: ಡೈರಿಯ ಹೊರಗಿನ ಸಾಕ್ಷ್ಯದೊಂದಿಗೆ ತಾಳೆ ನೋಡಿ

ನಾಲ್ಕನೆಯ ಹಂತದಲ್ಲಿ ಉಳಿದ ಪ್ರಶ್ನಾರ್ಥಕ ಚಿಹ್ನೆಗಳನ್ನು ಇಲ್ಲಿ ಎದುರಿಸಬೇಕು. 1851ರ ಮಾರ್ಚ್ 30ರ ರಾತ್ರಿಯ ಜನಗಣತಿಯಿಂದ ಮುಂದಕ್ಕೆ, ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಯಜಮಾನನೊಂದಿಗಿನ ಸಂಬಂಧ, ಹುಟ್ಟೂರು ಸಿಗುತ್ತವೆ. ಡೈರಿಯಲ್ಲಿ ಬರಿಯ ‘ಕುಕ್’ ಎಂದಿದ್ದವಳಿಗೆ ಅಲ್ಲಿ ಹೆಸರೂ ಊರೂ ಇರುತ್ತದೆ. ‘ಒಗೆಸಿದೆ’ ಎನ್ನಲು ಮನೆಯಲ್ಲಿ ಕೆಲಸದವರು ಇದ್ದರೇ ಎಂಬುದೂ ತಿಳಿಯುತ್ತದೆ, ಆದರೆ ದಿನಗೂಲಿಗೆ ಬಂದು ಒಗೆದು ಹೋಗುತ್ತಿದ್ದವಳು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅವಳನ್ನು ಖರ್ಚಿನ ಪುಟದಲ್ಲಿ ಹುಡುಕಬೇಕು. 1841ರ ಗಣತಿಯನ್ನು ಬಳಸುವಾಗ ಒಂದು ಎಚ್ಚರಿಕೆ: ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವಂತೆ ಅಂದು ಸೂಚನೆ ಇತ್ತು. 24 ವರ್ಷದವಳು 20 ಎಂದು ದಾಖಲಾಗಿರುತ್ತಾಳೆ.

ಗೃಹಿಣಿಯರಿಗಾಗಿ ಅಚ್ಚಾದ ಕೈಪಿಡಿಗಳನ್ನು ಸಾಕ್ಷ್ಯವೆಂದು ಬಳಸುವವರು ಬಹಳ. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹನಿರ್ವಹಣೆಯ ಗ್ರಂಥ ಮನೆ ಹೇಗಿರಬೇಕು ಎಂದು ಹೇಳುತ್ತದೆ. ನಿಮ್ಮ ಡೈರಿಯ ಮನೆ ಹೇಗಿತ್ತು ಎಂಬುದಕ್ಕೆ ಅದು ಉತ್ತರವಾಗದು. ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಬರೆಯಿರಿ. ಮನೆಯೇ ಉಳಿದಿದ್ದರೆ ಅದಕ್ಕಿಂತ ದೊಡ್ಡ ಅದೃಷ್ಟವಿಲ್ಲ. ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ ಅವರ ಹೆಂಡತಿ ಮೆರಿಯನ್ ಡೈರಿ ಬರೆದ ಲಂಡನ್ನಿನ 18, ಸ್ಟ್ಯಾಫರ್ಡ್ ಟೆರೇಸ್ ಇಂದು ವಸ್ತುಸಂಗ್ರಹಾಲಯವಾಗಿದೆ. ಕಲ್ಲಿದ್ದಲನ್ನು ಎಷ್ಟು ಮೆಟ್ಟಿಲು ಹತ್ತಿಸಬೇಕಿತ್ತು ಎಂಬುದನ್ನು ಡೈರಿ ಹೇಳದಿದ್ದರೂ ಆ ಕಡಿದಾದ ಮನೆ ಹೇಳುತ್ತದೆ.

ಹಂತ 9: ಬರೆಯುವಾಗ ಮತ್ತು ಪ್ರಕಟಿಸುವಾಗ

ಪ್ರತಿ ವಾಕ್ಯದಲ್ಲೂ ಯಾರ ಮನೆ, ಯಾವ ಊರು, ಯಾವ ವರ್ಷ ಎಂಬುದು ಸ್ಪಷ್ಟವಿರಲಿ. ‘ಹೆಂಗಸರು ಹೀಗೆ ಮಾಡುತ್ತಿದ್ದರು’ ಎಂದು ಬರೆಯುವ ಆಸೆಯಾದಾಗ ಕೋಷ್ಟಕದಲ್ಲಿ ಎಷ್ಟು ಸಾಲುಗಳು ಅದನ್ನು ಬೆಂಬಲಿಸುತ್ತವೆ ಎಂದು ಎಣಿಸಿ, ಆ ಸಂಖ್ಯೆಯನ್ನೇ ವಾಕ್ಯದಲ್ಲಿ ಕೊಡಿ. ಯಜಮಾನಿಯ ಡೈರಿಯಿಂದ ಕೆಲಸದಾಕೆಯ ಮನಸ್ಸನ್ನು ಹೇಳಲು ಹೋಗಬೇಡಿ. ಅವಳ ಕೆಲಸವನ್ನೂ, ಬಂದ ದಿನವನ್ನೂ, ಹೋದ ದಿನವನ್ನೂ ಹೇಳಬಹುದು.

ಹಸ್ತಪ್ರತಿಯಿಂದ ಉದ್ಧರಿಸುವುದಾದರೆ ಹಕ್ಕುಸ್ವಾಮ್ಯವನ್ನು ಮೊದಲೇ ವಿಚಾರಿಸಿ. ಬರೆದವರು ನೂರೈವತ್ತು ವರ್ಷಗಳ ಹಿಂದೆ ತೀರಿಕೊಂಡಿದ್ದರೂ, ಪ್ರಕಟವಾಗದೆ ಉಳಿದಿದ್ದ ಇಂಥ ಬಹಳಷ್ಟು ಬರಹಗಳ ಹಕ್ಕು ಬ್ರಿಟನ್ನಿನ ಕಾನೂನಿನಂತೆ 2039ರ ಕೊನೆಯವರೆಗೆ ಜೀವಂತವಾಗಿರುತ್ತದೆ. ದಾಖಲಾಲಯಕ್ಕೆ ಇ-ಮೇಲ್ ಬರೆಯುವಾಗ ಸಂಪುಟದ ಸಂಖ್ಯೆ, ತಾರೀಖು, ಉದ್ಧರಿಸಲಿರುವ ಸಾಲುಗಳು ಮತ್ತು ಪ್ರಬಂಧ ಎಲ್ಲಿ ಪ್ರಕಟವಾಗಲಿದೆ ಎಂಬ ನಾಲ್ಕನ್ನೂ ಒಂದೇ ಪತ್ರದಲ್ಲಿ ತಿಳಿಸಿ. ಉತ್ತರ ಬರಲು ವಾರಗಳೇ ಹಿಡಿಯಬಹುದಾದ್ದರಿಂದ, ಈ ಪತ್ರವನ್ನು ಬರೆಯುವ ಸಮಯ ಪ್ರಬಂಧ ಮುಗಿದಾಗಲ್ಲ, ಐದನೆಯ ಹಂತದ ಕೋಷ್ಟಕವನ್ನು ಆರಂಭಿಸಿದ ವಾರದಲ್ಲೇ.